ಮೈಕ್ ಮುಂದೆ ಕೈ ಎಲ್ಲಿ ಇಟ್ಟುಕೊಳ್ಳಲಿ?

ಪ್ರಶ್ನೆ: ನಮ್ಮ ಸೊಸೈಟಿಯ ವಾರ್ಷಿಕ ಸಭೆಯಲ್ಲಿ ವಂದನಾರ್ಪಣೆ ನನ್ನ ಪಾಲಿಗೆ ಬಂದಿದೆ. ಮಾತಿಗೆ ಶೇಕಡಾ 7ರಷ್ಟೇ ಬೆಲೆ, ಉಳಿದ 93 ದನಿ ಮತ್ತು ಹಾವಭಾವದ್ದು ಅಂತ ಒಂದು ತರಬೇತಿಯಲ್ಲಿ ಹೇಳಿದರು. ಹಾಗಾದರೆ ಕೈ ಹೇಗೆ ಇಟ್ಟುಕೊಳ್ಳಬೇಕು? ಮನೆಯಲ್ಲೂ ನನಗೆ ಸರಿಯಾಗಿ ಮಾತಾಡಲು ಬರುವುದಿಲ್ಲ ಅಂತ ಹೆಂಡತಿಯ ದೂರು.
– ಒಬ್ಬ ಓದುಗರು, ಶಿರಸಿ

ಕೈಯ ವಿಷಯ ಮೊದಲು ಮುಗಿಸುತ್ತೇನೆ. ಒಂದು ಕೈಯಲ್ಲಿ ಹೆಸರಿನ ಚೀಟಿ ಇರಲಿ, ಇನ್ನೊಂದು ಸುಮ್ನೆ ಪಕ್ಕದಲ್ಲಿರಲಿ. ಅಷ್ಟೇ. ನಿಮ್ಮ ಕೈಯನ್ನು ಯಾರೂ ನೋಡುವುದಿಲ್ಲ. ಎಲ್ಲರೂ ತಮ್ಮ ಹೆಸರು ಯಾವಾಗ ಬರುತ್ತದೆ ಅಂತ ಕಾಯುತ್ತಿರುತ್ತಾರೆ.

ಈಗ ಆ 93ರ ವಿಷಯ. ಎಷ್ಟು ಸಲ ಬರೆದರೂ, ಎಷ್ಟು ಶಾಲೆಗೆ ಹೋಗಿ ಹೇಳಿದರೂ ಈ ಸಂಖ್ಯೆ ಮತ್ತೆ ಬಂದು ಬಾಗಿಲಲ್ಲಿ ನಿಲ್ಲುತ್ತದೆ. ಇದರಿಂದ ಒಳ್ಳೆಯ ಮಕ್ಕಳು ಹಾಳಾಗಿದ್ದನ್ನು ನೋಡಿದ್ದೇನೆ, ಅದಕ್ಕೇ ಇಷ್ಟು ಹೇಳುತ್ತಿದ್ದೇನೆ. ಹೇಳಲು ವಿಷಯವೇ ಇಲ್ಲದೆ ಕನ್ನಡಿ ಮುಂದೆ ಕೈ ಬೀಸುವುದನ್ನು ಅಭ್ಯಾಸ ಮಾಡಿಕೊಂಡು ಶಾಲೆಯ ವಾರ್ಷಿಕ ಗ್ಯಾದರಿಂಗಿಗೆ ಬರುತ್ತಾರೆ. ಎರಡನೇ ನಿಮಿಷಕ್ಕೆ ಮಾತು ಖಾಲಿಯಾಗುತ್ತದೆ. ಕೈ ಮಾತ್ರ ಆಡುತ್ತಿರುತ್ತದೆ.

ಒಂದು ಕೆಲಸ ಮಾಡಿ. ಕೊಂಕಣಿ ಒಂದಕ್ಷರ ಬಾರದ ಘಟ್ಟದ ಮೇಲಿನವರೊಬ್ಬರನ್ನು ಬೆಳಿಗ್ಗೆ ಕಾರವಾರದ ಮೀನು ಮಾರ್ಕೆಟ್ಟಿಗೆ ಕರೆದುಕೊಂಡು ಹೋಗಿ. ಬುಟ್ಟಿ ಮುಂದೆ ಕೂತ ಹೆಂಗಸರ ದನಿಗೆ, ಮುಖಕ್ಕೆ, ಕೈಗೆ ಏನು ಕಡಿಮೆ? ಎಲ್ಲವೂ ಧಾರಾಳ. ಹಾಗಾದರೆ ಇವರಿಗೆ ನೂರರಲ್ಲಿ 93 ಪಾಲು ಅರ್ಥವಾಗಬೇಕಿತ್ತು ಅಲ್ವಾ? ಯಾರಿಗೆ ಸಿಟ್ಟು ಬಂದಿದೆ, ಯಾರು ನಗುತ್ತಿದ್ದಾರೆ, ಅದು ಗೊತ್ತಾಗುತ್ತದೆ. ಬಂಗಡೆಗೆ ಎಷ್ಟು, ತಾರ್ಲೆ ಇವತ್ತು ಯಾಕೆ ಬಂದಿಲ್ಲ, ಸಿಟ್ಟು ಯಾವ ಕಾರಣಕ್ಕೆ, ಇದರಲ್ಲಿ ಒಂದೂ ಗೊತ್ತಾಗುವುದಿಲ್ಲ. ಅವೆಲ್ಲ ಇರುವುದು ಆ 'ಶೇಕಡಾ 7'ರಲ್ಲಿ.

ಅಭಿನಯದ ಬೆಲೆಯನ್ನು ನಮ್ಮ ಜಿಲ್ಲೆಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹೊನ್ನಾವರದ ಹತ್ತಿರ ಗುಣವಂತೆಯಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಯಕ್ಷಗಾನ ಮೇಳ ನಮ್ಮದೇ. ಕಣ್ಣು, ಕತ್ತು, ಹೆಜ್ಜೆ ಏನು ಮಾಡಬಲ್ಲವು ಅಂತ ನಾವು ಚೆನ್ನಾಗಿ ಬಲ್ಲೆವು. ಆದರೆ ಮಳೆಗಾಲ ಬಂದಾಗ ನಾವೇ ತಾಳಮದ್ದಳೆಗೆ, ಅಂದರೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನಕ್ಕೆ, ಹೋಗಿ ಕೂರುತ್ತೇವಲ್ಲ! ಅಲ್ಲಿ ಕಿರೀಟವಿಲ್ಲ, ಗೆಜ್ಜೆಯಿಲ್ಲ, ಕುಣಿತವಿಲ್ಲ. ಪಂಚೆ ಉಟ್ಟು, ಶಾಲು ಹೊದ್ದು ಕೂತು ಪಾತ್ರದ ಮಾತಾಡುವ ಇಬ್ಬರು ಅರ್ಥಧಾರಿಗಳು. ಮರೆಯಲ್ಲಿ ನಿಂತು ಬಾಣ ಬಿಟ್ಟೆಯಲ್ಲ, ಇದು ಯಾವ ಧರ್ಮ ಅಂತ ವಾಲಿ ಕೇಳುತ್ತಾನೆ. ರಾಮ ಏನು ಉತ್ತರ ಕೊಡುತ್ತಾನೆ ಅಂತ ಇಡೀ ಚಪ್ಪರ ಉಸಿರು ಹಿಡಿದು ಕೂತಿರುತ್ತದೆ. ಕಥೆ ಎಲ್ಲರಿಗೂ ಗೊತ್ತಿದೆ. ಕಾಯುವುದು ಮಾತಿಗೆ. ಇಂಥ ಕಲೆಯನ್ನು ಉಳಿಸಿಕೊಂಡ ಜನ ಮಾತಿಗೆ ಏಳೇ ಪಾಲು ಅಂದರೆ ಒಪ್ಪಿಕೊಂಡು ಬರುವುದು ನನಗೆ ನಿಜಕ್ಕೂ ನೋವಿನ ವಿಷಯ.

ಹಾಗಾದರೆ ಸಂಖ್ಯೆ ಎಲ್ಲಿಂದ ಬಂತು? ಅಮೆರಿಕದಲ್ಲಿ ಆಲ್ಬರ್ಟ್ ಮೆಹ್ರಾಬಿಯನ್ ಅನ್ನುವ ಮನಶ್ಶಾಸ್ತ್ರಜ್ಞರು ಜೊತೆಯವರೊಂದಿಗೆ ಮಾಡಿದ ಎರಡು ಪ್ರಯೋಗ 1967ರಲ್ಲಿ ಪ್ರಕಟವಾದವು. ಒಂದರಲ್ಲಿ ಒಂಬತ್ತು ಬಿಡಿ ಪದಗಳನ್ನು ಬೇರೆ ಬೇರೆ ದನಿಯಲ್ಲಿ ಕೇಳಿಸಿದರು. ಇನ್ನೊಂದರಲ್ಲಿ ಇದ್ದದ್ದು ಒಂದೇ ಪದ, 'ಮೇಬಿ', ಅಂದರೆ 'ಇರಬಹುದು'. ಜೊತೆಗೆ ಮುಖದ ಫೋಟೊ ತೋರಿಸಿದರು. ಈ ದನಿಯಲ್ಲಿ, ಈ ಮುಖದಲ್ಲಿ ಇಷ್ಟ ಇದೆಯೋ, ಇಲ್ಲವೋ? ಕೇಳಿದ್ದು ಇಷ್ಟು. ಎರಡನ್ನೂ ಕೂಡಿಸಿದಾಗ ಪದಕ್ಕೆ 7, ದನಿಗೆ 38, ಮುಖಕ್ಕೆ 55 ಅಂತ ಲೆಕ್ಕ ಬಂತು. ಅಲ್ಲಿ ಭಾಷಣವಿರಲಿಲ್ಲ, ಒಂದು ಪೂರ್ತಿ ವಾಕ್ಯವೂ ಇರಲಿಲ್ಲ. ಇಷ್ಟ-ಅನಿಷ್ಟದ ಮಾತು ಬಿಟ್ಟು ಬೇರೆಯದಕ್ಕೆ ಇದು ಹೊಂದುವುದಿಲ್ಲ ಅಂತ ಮೆಹ್ರಾಬಿಯನ್ ಅವರೇ ಸ್ಪಷ್ಟವಾಗಿ ಹೇಳಿದ್ದಾರೆ.

ಈಗ ನಿಮ್ಮ ಹೆಂಡತಿಯ ದೂರಿಗೆ ಬರೋಣ. ಆ ಪ್ರಯೋಗ ನಿಜವಾಗಿ ಹೊಂದುವ ಜಾಗ ವೇದಿಕೆ ಅಲ್ಲ, ನಿಮ್ಮ ಅಡುಗೆಮನೆ. 'ಆಸರಿಗೆ ಬೇಕಾ?', ಅಂದರೆ ಕುಡಿಯಲು ಏನಾದರೂ ಬೇಕಾ, ಅನ್ನುವುದನ್ನೇ ತೆಗೆದುಕೊಳ್ಳಿ. ಬಿಸಿಲಲ್ಲಿ ಬಂದ ನೆಂಟರಿಗೆ ಕೇಳುವುದೂ ಅದೇ ಎರಡು ಪದ. ಪೇಟೆಗೆ ಹೋಗಿ ಹೇಳದೆ ಕೇಳದೆ ಎರಡು ತಾಸು ತಡ ಮಾಡಿ ಬಂದ ಗಂಡನಿಗೆ ಕೇಳುವುದೂ ಅದೇ. ಎರಡನೆಯದನ್ನು ಕೇಳಿದವರು ಬೆಲ್ಲ-ನೀರು ಬೇಕೋ ಬೇಡವೋ ಅಂತ ಯೋಚಿಸುವುದಿಲ್ಲ. ಪದ ಒಂದು ಹೇಳಿ, ದನಿ ಇನ್ನೊಂದು ಹೇಳಿದರೆ ಎದುರಿನವರು ದನಿಯನ್ನೇ ನಂಬುತ್ತಾರೆ. 'ನಂಗೆಂತ ಸಿಟ್ಟಿಲ್ಲ' ಅಂತ ನೀವು ಪೇಪರಿನಿಂದ ಕಣ್ಣು ತೆಗೆಯದೆ ಹೇಳಿದರೆ ಸಿಟ್ಟಿದೆ ಅಂತಲೇ ಅರ್ಥ. ಸಿಟ್ಟಿದ್ದರೆ 'ಸಿಟ್ಟು ಬಂದಿದೆ, ರಾತ್ರಿ ಊಟ ಆದಮೇಲೆ ಮಾತಾಡುವಾ' ಅನ್ನಿ. ಹೇಳಿದ ಹಾಗೆ ಊಟ ಆದಮೇಲೆ ಮಾತಾಡಿ. ಜಾಸ್ತಿ ಜನ ತಪ್ಪುವುದು ಈ ಎರಡನೆಯದರಲ್ಲಿ.

ವಂದನಾರ್ಪಣೆಗೆ ಬೇಕಾದ್ದು ಸ್ವಲ್ಪವೇ. ಹೆಸರುಗಳನ್ನು ಇನಿಶಿಯಲ್ ಸಮೇತ ಬರೆದುಕೊಳ್ಳಿ. ಅವರವರ ಹತ್ತಿರವೇ ಕೇಳಿ ತಿದ್ದಿಕೊಳ್ಳಿ. ಮೊದಲ ವಾಕ್ಯವನ್ನು ಬಾಯಿಪಾಠ ಮಾಡಿ, ಕೊನೇ ಸಾಲಿನವರ ಕಡೆ ನೋಡಿ ಹೇಳಿ. ಒಂದೊಂದು ಹೆಸರಿಗೆ ಅವರು ಮಾಡಿದ ಒಂದು ಕೆಲಸ ಜೋಡಿಸಿ. 'ಸಹಕರಿಸಿದ ಎಲ್ಲರಿಗೂ' ಅಂದಾಗ ಯಾರಿಗೂ ಏನೂ ಅನ್ನಿಸುವುದಿಲ್ಲ. 'ಬೆಳಿಗ್ಗೆ ಐದಕ್ಕೆ ಬಂದು ಒಲೆ ಹಚ್ಚಿದ' ಅಂದಾಗ ಹಿಂದೆ ಬಾಗಿಲಲ್ಲಿ ನಿಂತ ಅಡುಗೆಯವರು ತಲೆ ಎತ್ತಿ ನೋಡುತ್ತಾರೆ.

ಇನ್ನೊಂದು ವಿಷಯ. ನೀವು ಕೇಳಿಲ್ಲ, ಆದರೂ ಹೇಳದೆ ಇರಲಾರೆ. ವಾಟ್ಸಾಪ್‌ನಲ್ಲಿ ಬರೆದ ಮಾತಿಗೆ ದನಿಯೂ ಇಲ್ಲ, ಮುಖವೂ ಇಲ್ಲ. ನಮ್ಮ ಕಡೆ ಮನೆಮನೆಯ ಮಕ್ಕಳೂ ಬೆಂಗಳೂರಿನಲ್ಲಿದ್ದಾರೆ. ನಮ್ಮ ಪಕ್ಕದ ಮನೆಯ ತಾಯಿ 'ಹಬ್ಬಕ್ಕೆ ಬಾ, ಕಾಯುತ್ತಿರುತ್ತೇವೆ' ಅಂತ ಮಗಳಿಗೆ ಬರೆದರು. ಮೀಟಿಂಗಿನ ನಡುವೆ ಮಗಳು 'ಸರಿ' ಅಂತ ಒತ್ತಿದಳು. ಬರುವ ಖುಷಿಯೋ, ಬೇಸರವೋ, ಸುಮ್ನೆ ಹೇಳಿದ್ದೋ? ಆ ಎರಡಕ್ಷರ ಹಿಡಿದುಕೊಂಡು ತಾಯಿ ಸಂಜೆವರೆಗೆ ಮೂರು ಸಲ ನಮ್ಮನೆಗೆ ಬಂದರು. 'ಇದರಲ್ಲಿ ಸಿಟ್ಟು ಇದ್ಯಾ ನೋಡಿ' ಅಂತ ಮೊಬೈಲ್ ನನ್ನ ಮುಂದೆ ಹಿಡಿದರು. ಫೋನ್ ಮಾಡಿ ಅಂದೆ. ಮಾಡಿದರು. ಅಂಗಳದಲ್ಲಿ ನಿಂತೇ ಮಾತಾಡಿದರು. ಮಗಳು ಆಗಲೇ ಬಸ್ಸಿನ ಟಿಕೆಟ್ ತೆಗೆಸಿದ್ದಳು.