ಜರ್ಮನ್ ಪಾತ್ರೆ ಬೆಳಗಿದ ಹಾಗೆ ಲಾರಿ ಡಿಸ್ಕ್ ಬೆಳಗಬಹುದಾ?

ಪ್ರಶ್ನೆ: ನಮ್ಮ ಲಾರಿ ಚಕ್ರಕ್ಕೆ ಅಲ್ಯೂಮಿನಿಯಂ ಡಿಸ್ಕ್ (ಟೈರ್ ಕೂರುವ ರಿಮ್) ಇದೆ. ಚಿತ್ರದುರ್ಗ–ಹೊಸಪೇಟೆ ರೋಡಲ್ಲಿ ಅದಿರಿನ ಧೂಳು ಕುಡಿದು ಪೂರ್ತಿ ಮಂಕಾಗಿದೆ. ಆಯುಧ ಪೂಜೆಯೊಳಗೆ ಮನೆಯಲ್ಲೇ ಹೊಳಪು ಬರಿಸಬಹುದಾ? ಬಾತ್‌ರೂಮ್ ಆಸಿಡ್ ಹಾಕಿ ಅಂತಾರೆ.

ಬರಿಸಬಹುದು. ಆಸಿಡ್ ಮಾತ್ರ ಬೇಡ. ಅದು ಕೊಳೆಯ ಜೊತೆ ಲೋಹವನ್ನೂ ತಿಂದು ಸಣ್ಣ ಸಣ್ಣ ಗುಂಡಿ ಬೀಳಿಸುತ್ತದೆ. ಕಾಸ್ಟಿಕ್ ಸೋಡಾ ಇರುವ ಪುಡಿಯೂ ಬೇಡ, ಡಿಸ್ಕ್ ಕಪ್ಪಗಾಗುತ್ತದೆ. ಹುಣಸೆಹಣ್ಣು? ನೀರು ಕಾಯಿಸಿ ಕಪ್ಪಾದ ಜರ್ಮನ್ (ಅದೂ ಅಲ್ಯೂಮಿನಿಯಮ್ಮೇ) ಪಾತ್ರೆ ಹುಣಸೆ ಹಾಕಿ ಕುದಿಸಿದರೆ ಬೆಳ್ಳಗಾಗುತ್ತದೆ, ನಿಜ. ಆದರೆ ಬಿಳುಪು ಬೇರೆ, ಹೊಳಪು ಬೇರೆ. ಮೈ ಒರಟಾಗಿದ್ದರೆ ಎಷ್ಟು ಬೆಳ್ಳಗಿದ್ದರೂ ಮುಖ ಕಾಣುವುದಿಲ್ಲ. ನಿಮ್ಮ ಕೆಲಸ ಮೈ ನಯ ಮಾಡುವುದು.

ಮೊದಲು ಒಂದು ಪರೀಕ್ಷೆ. ಬಿಳಿ ಬಟ್ಟೆಗೆ ಚೂರು ಮೆಟಲ್ ಪಾಲಿಶ್ ಹಚ್ಚಿ, ತೊಳೆದ ಡಿಸ್ಕಿನ ಮೂಲೆಯಲ್ಲಿ ಉಜ್ಜಿ. ಬಟ್ಟೆ ಕಪ್ಪಾದರೆ ಬರೀ ಲೋಹ, ಮುಂದುವರಿಯಿರಿ. ಕಪ್ಪಾಗದಿದ್ದರೆ ಮೇಲೆ ಕ್ಲಿಯರ್ ಕೋಟ್, ಅಂದರೆ ಬಣ್ಣವಿಲ್ಲದ ಪಾರದರ್ಶಕ ಪದರ ಇದೆ. ಅದಕ್ಕೆ ಶಾಂಪೂ ನೀರು, ವ್ಯಾಕ್ಸ್ ಇಷ್ಟೇ. ಉಜ್ಜಿದರೆ ಕೋಟ್ ಗೀರುತ್ತದೆ.

ಗಾಡಿ ಈಗತಾನೆ ಬಂದಿದ್ದರೆ ಡಿಸ್ಕ್ ಆರಲಿ. ಬಿಸಿ ಮೈ ಮೇಲೆ ಸೋಪು ಒಣಗಿ ಕಲೆ ಕಟ್ಟುತ್ತದೆ. ದುರ್ಗದ ಕಡೆಯ ಬೋರ್ ನೀರು ಗಡಸು, ತೊಳೆದ ತಕ್ಷಣ ಒರೆಸದಿದ್ದರೆ ಬಿಳಿ ಚುಕ್ಕೆ ಉಳಿಯುತ್ತದೆ.

ಇನ್ನು ನಿಜವಾದ ಕೆಲಸ: ವಾಟರ್ ಪೇಪರ್, ಅಂದರೆ ನೀರು ಹಾಕಿ ಉಜ್ಜುವ ಮರಳು ಕಾಗದ. ನಂಬರ್ ಹೆಚ್ಚಾದಷ್ಟೂ ಪೇಪರ್ ನಯ. ಗೀರು ಆಳವಿದ್ದರೆ 400ರಿಂದ, ಬರೀ ಮಂಕಾಗಿದ್ದರೆ 800ರಿಂದ ಶುರು ಮಾಡಿ. ಆಮೇಲೆ 1000, 1500, 2000. 400ರಿಂದ ಹೊರಟವರು ನಡುವೆ 600 ಮತ್ತು 800ನ್ನೂ ಹಿಡಿಯಬೇಕು. ಪ್ರತಿ ಪೇಪರೂ ಹಿಂದಿನದರ ಗೀರನ್ನು ಅಳಿಸಬೇಕು. ಅದಕ್ಕೇ ನಂಬರ್ ಬದಲಾದಾಗಲೆಲ್ಲ ಉಜ್ಜುವ ದಿಕ್ಕು ಅಡ್ಡಕ್ಕೆ ತಿರುಗಿಸಿ. ಹಳೆಯ ಗೀರು ಉಳಿದಿದ್ದರೆ ಕಣ್ಣಿಗೆ ಬೀಳುತ್ತದೆ. ನೀರು ಹಾಕುತ್ತಲೇ ಇರಿ. ಒಂದು ನಂಬರ್ ಹಾರಿಸಿದರೆ ಮನೆಯ ನೆರಳಲ್ಲಿ ಗೊತ್ತಾಗುವುದಿಲ್ಲ, ಹೈವೇ ಬಿಸಿಲಲ್ಲಿ ಬಯಲಾಗುತ್ತದೆ. ಅವಸರ ಪಟ್ಟವರೆಲ್ಲ ಎಡವುವುದು ಇಲ್ಲೇ, ಪಾಲಿಶ್ ಕಂಪನಿಯನ್ನು ಬೈಯುವುದು ಆಮೇಲೆ.

ಪಾಲಿಶ್ ಚೂರೇ ಚೂರು ತಗೊಂಡು ಹಳೇ ಬನಿಯನ್ ಬಟ್ಟೆಯಲ್ಲಿ ಉಜ್ಜಿ. ಡ್ರಿಲ್ ಮಿಷನ್‌ಗೆ ಬಫ್ (ಪಾಲಿಶ್ ಉಜ್ಜುವ ಮೆತ್ತನೆ ಚಕ್ರ) ಸಿಕ್ಕಿಸಿದರೆ ಕೈ ಉಳಿಯುತ್ತದೆ, ಕನ್ನಡಕ ಮರೆಯಬೇಡಿ. ಒಂದೇ ಕಡೆ ಒತ್ತಿ ಹಿಡಿಯಬೇಡಿ. ಕೊನೆಗೆ ಉಳಿಯುವ ಕಪ್ಪು ಜಿಡ್ಡಿಗೆ ಮೈದಾ ಉದುರಿಸಿ ಒಣ ಬಟ್ಟೆಯಲ್ಲಿ ಒರೆಸಿ. ಅಡುಗೆಮನೆಯ ಡಬ್ಬಿಗೆ ಕೈ ಹಾಕುವ ಮೊದಲು ಕೇಳಿ ಬಿಡಿ.

ನಟ್ ಕೂರುವ ಜಾಗ, ಡಿಸ್ಕ್ ಹಬ್‌ಗೆ (ಚಕ್ರ ಕೂರಿಸುವ ನಡುಭಾಗಕ್ಕೆ) ತಾಗುವ ಮೈ ಎರಡನ್ನೂ ಪೇಪರಿನಲ್ಲಿ ಉಜ್ಜಬೇಡಿ; ಅಲ್ಲಿ ಪಾಲಿಶ್, ವ್ಯಾಕ್ಸ್ ಅಂಟಿರಲೂ ಕೂಡದು. ಉಜ್ಜುವಾಗ ಕೂದಲೆಳೆಯಷ್ಟು ಬಿರುಕು ಕಂಡರೂ ಅಲ್ಲಿಗೇ ನಿಲ್ಲಿಸಿ, ಆ ಡಿಸ್ಕ್ ರೋಡಿಗೆ ಹೋಗಬಾರದು. ಹಿಂದಿನ ಜೋಡಿ ಚಕ್ರದಲ್ಲಿ ಒಳಗಿನದನ್ನು ತೊಳೆದು ಬಿಟ್ಟರೆ ಸಾಕು, ಅದನ್ನು ನೋಡುವವರು ಪಂಕ್ಚರ್ ಅಂಗಡಿಯವರು ಮಾತ್ರ.