ಹಳೇ ಗೇಮ್‌ನ ಗಾಜು ಒಡೆದರೆ ಹೊಸ ಕಾರ್ಡ್ ಯಾಕೆ ಸುಸ್ತಾಗುತ್ತಿತ್ತು?

2025ರ ಆರಂಭದಲ್ಲಿ ಎನ್‌ವಿಡಿಯಾದ ಆರ್‌ಟಿಎಕ್ಸ್ 50 ಸರಣಿಯ ಗ್ರಾಫಿಕ್ಸ್ ಕಾರ್ಡ್ ಕೊಂಡವರಿಗೆ ಒಂದು ವಿಚಿತ್ರ ಕಾಣಿಸಿತು. ಈಗಿನ ಭಾರಿ ಗೇಮ್‌ಗಳು ಸಲೀಸಾಗಿ ಓಡುತ್ತಿದ್ದವು, ಆದರೆ ಮಿರರ್ಸ್ ಎಡ್ಜ್‌ನಂಥ ಹಳೇ ಗೇಮ್‌ನಲ್ಲಿ ಫಿಸ್‌ಎಕ್ಸ್ (ವಸ್ತುಗಳು ಒಡೆಯುವ, ಹಾರುವ, ಬೀಳುವ ಲೆಕ್ಕ ಮಾಡುವ ತಂತ್ರಾಂಶ) ಆನ್ ಮಾಡಿದರೆ, ಗುಂಡು ತಾಗಿ ಗಾಜು ಒಡೆದ ಕೂಡಲೇ ಗೇಮ್ ತೆವಳುತ್ತಿತ್ತು.

ಇದು ಶುರುವಾಗಿದ್ದು 2006ರಲ್ಲಿ. ಅಜೀಯಾ ಅನ್ನೋ ಕಂಪನಿ ಫಿಸಿಕ್ಸ್ ಲೆಕ್ಕಕ್ಕೆಂದೇ ಫಿಸ್‌ಎಕ್ಸ್ ಹೆಸರಿನ ಬೇರೆ ಕಾರ್ಡ್ ಮಾರುಕಟ್ಟೆಗೆ ತಂದಿತು, ಬೆಲೆ ಸುಮಾರು 300 ಡಾಲರ್. ಆದರೆ ಘೋಸ್ಟ್ ರೆಕಾನ್ ಗೇಮ್‌ನಲ್ಲಿ ಈ ಕಾರ್ಡ್ ಹಾಕಿದ ಮೇಲೆ ಫ್ರೇಮ್ ರೇಟ್ (ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ) ಇಳಿಯಿತು! ಸ್ಫೋಟದಲ್ಲಿ ಹಾರುವ ಚೂರುಗಳು ಜಾಸ್ತಿಯಾದವು, ಅವನ್ನೆಲ್ಲ ತೆರೆಯ ಮೇಲೆ ಬಿಡಿಸಬೇಕಾದದ್ದು ಗ್ರಾಫಿಕ್ಸ್ ಕಾರ್ಡೇ ಅಲ್ವಾ.

ಅದೇ ವರ್ಷ ಬಂದ ಎನ್‌ವಿಡಿಯಾದ ಗ್ರಾಫಿಕ್ಸ್ ಕಾರ್ಡ್ ಜೀಫೋರ್ಸ್ 8800 ಜಿಟಿಎಕ್ಸ್‌ನಲ್ಲಿ 128 ಪುಟ್ಟ ಪ್ರೊಸೆಸರ್‌ಗಳಿದ್ದವು. ಒಡೆದ ಗಾಜಿನ ಪ್ರತಿ ಚೂರಿಗೂ ಕೇಳಬೇಕಾದ ಪ್ರಶ್ನೆಗಳು ಒಂದೇ: ಈಗ ಎಲ್ಲಿದೆ, ವೇಗ ಎಷ್ಟು, ನೆಲಕ್ಕೆ ತಾಗಿತಾ? ಒಂದೇ ಲೆಕ್ಕವನ್ನು ಸಾವಿರ ಸಲ ಒಟ್ಟಿಗೆ ಮಾಡೋದು ಇಂಥ ಚಿಪ್‌ಗೆ ಹೇಳಿ ಮಾಡಿಸಿದ ಕೆಲಸ. 2008ರ ಫೆಬ್ರವರಿಯಲ್ಲಿ ಎನ್‌ವಿಡಿಯಾ ಅಜೀಯಾವನ್ನೇ ಕೊಂಡುಕೊಂಡಿತು. ಕೆಲವೇ ತಿಂಗಳಲ್ಲಿ ಫಿಸ್‌ಎಕ್ಸ್ ಅನ್ನು ತನ್ನ ‘ಕೂಡಾ’ (CUDA) ಮೇಲೆ, ಅಂದರೆ ಗ್ರಾಫಿಕ್ಸ್ ಕಾರ್ಡ್‌ನಿಂದ ಬೇರೆ ಲೆಕ್ಕಗಳನ್ನೂ ಮಾಡಿಸುವ ವ್ಯವಸ್ಥೆಯ ಮೇಲೆ, ಓಡಿಸಿತು.

ಎಡವಟ್ಟಾಗಿದ್ದು ಇಲ್ಲೇ ಅಂತ ನನಗನ್ನಿಸುತ್ತದೆ. ಕೂಡಾ ಓಡೋದು ಎನ್‌ವಿಡಿಯಾ ಕಾರ್ಡ್‌ನಲ್ಲಿ ಮಾತ್ರ. ಹಾಗಾಗಿ ಗೇಮ್ ಮಾಡುವವರು ಈ ಫಿಸಿಕ್ಸ್ ನಂಬಿಕೊಂಡು ಗೋಡೆ ಬಿದ್ದರೆ ದಾರಿ ತೆರೆಯುವಂಥ ಆಟ ಕಟ್ಟುವ ಹಾಗಿರಲಿಲ್ಲ, ಪ್ರತಿಸ್ಪರ್ಧಿ ಕಂಪನಿ ಎಎಮ್‌ಡಿಯ ಕಾರ್ಡ್ ಇದ್ದವರಿಗೆ ಆಟವೇ ಮುಂದೆ ಹೋಗೋದಿಲ್ಲವಲ್ಲ. ಕೊನೆಗೆ ಉಳಿದಿದ್ದು ಹೊಗೆ, ಹಾರಾಡುವ ಬಟ್ಟೆ, ಗಾಜಿನ ಚೂರು. ಸುಮ್ನೆ ಅಲಂಕಾರ. 2009ರಲ್ಲಿ ಎನ್‌ವಿಡಿಯಾ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಚಿತ್ರ ತೋರಿಸೋಕೆ ಎಎಮ್‌ಡಿ ಕಾರ್ಡ್ ಇದ್ದು ಪಕ್ಕದಲ್ಲಿ ಎನ್‌ವಿಡಿಯಾ ಕಾರ್ಡ್ ಇಟ್ಟುಕೊಂಡರೂ ಫಿಸ್‌ಎಕ್ಸ್ ಓಡದಂತೆ ಡ್ರೈವರ್‌ನಲ್ಲೇ (ಕಾರ್ಡ್ ನಡೆಸುವ ತಂತ್ರಾಂಶದಲ್ಲೇ) ಬೀಗ ಹಾಕಿತು. ದುಡ್ಡು ಕೊಟ್ಟು ತಂದ ಕಾರ್ಡ್ ಅದು! ವಿಜ್ಞಾನಿಗಳಿಗೆ ಮಾತ್ರ ಇದೇ ಕೂಡಾ ವರವಾಯಿತು. ಅಣುಗಳ ಚಲನೆಯ ಸಿಮ್ಯುಲೇಶನ್‌ಗಳು ಇವತ್ತು ಹೆಚ್ಚಾಗಿ ಓಡೋದು ಜಿಪಿಯು (ಗ್ರಾಫಿಕ್ಸ್ ಚಿಪ್) ಮೇಲೆಯೇ.

ಆರ್‌ಟಿಎಕ್ಸ್ 50ರಲ್ಲಿ ಎನ್‌ವಿಡಿಯಾ 32 ಬಿಟ್ ಕೂಡಾವನ್ನು, ಅಂದರೆ ಹಳೇ 32 ಬಿಟ್ ಪ್ರೋಗ್ರಾಂಗಳಿಗೆ ಬೇಕಾದ ಕೂಡಾವನ್ನು, ಕೈಬಿಟ್ಟಿತು. ಹಳೇ ಗೇಮ್‌ಗಳ ಫಿಸ್‌ಎಕ್ಸ್ ನಿಂತಿದ್ದೇ ಅದರ ಮೇಲೆ, ಹಾಗಾಗಿ ಗಾಜಿನ ಲೆಕ್ಕವೆಲ್ಲ ಸಿಪಿಯು (ಕಂಪ್ಯೂಟರಿನ ಮುಖ್ಯ ಪ್ರೊಸೆಸರ್) ತಲೆ ಮೇಲೆ ಬಿತ್ತು. ಕೆಲವರು ಫಿಸ್‌ಎಕ್ಸ್‌ಗೆಂದೇ ಒಂದು ಹಳೇ ಕಾರ್ಡನ್ನು ಪಕ್ಕದಲ್ಲಿ ಸಿಕ್ಕಿಸಿಕೊಂಡರು. ಗಲಾಟೆ ಜೋರಾದ ಮೇಲೆ, 2025ರ ಡಿಸೆಂಬರ್‌ನ ಡ್ರೈವರ್‌ನಲ್ಲಿ ಎನ್‌ವಿಡಿಯಾ ಈ ಸೌಲಭ್ಯ ವಾಪಸ್ ಕೊಟ್ಟಿತು, ಅದೂ ಆಯ್ದ ಕೆಲವು ಗೇಮ್‌ಗಳಿಗೆ ಮಾತ್ರ.