ಮೈಟ್ರಲ್ ಕವಾಟದ ದಾರಗಳು ನಿಜವಾಗಿ ಮಾಡುವ ಕೆಲಸ

ಹೃದಯದ ಮೇಲಿನ ಕೋಣೆಯಾದ ಎಡ ಹೃತ್ಕರ್ಣಕ್ಕೂ ಕೆಳಗಿನ ಕೋಣೆಯಾದ ಎಡ ಹೃತ್ಕುಕ್ಷಿಗೂ ನಡುವೆ ಇರುವುದು ಮೈಟ್ರಲ್ ಕವಾಟ. ಅದರ ತೆಳು ದಳಗಳನ್ನು ಹೃತ್ಕುಕ್ಷಿಯ ಗೋಡೆಯಿಂದ ಎದ್ದ ಪ್ಯಾಪಿಲ್ಲರಿ ಸ್ನಾಯುಗಳಿಗೆ ಸಣ್ಣ ದಾರಗಳು ಕಟ್ಟಿಹಾಕಿರುತ್ತವೆ. ಇದನ್ನು ಓದುವಾಗ ನಮ್ಮಲ್ಲಿ ಸುಮಾರು ಜನ ಎಡವುವುದು ಒಂದೇ ಕಡೆ. ಪ್ಯಾಪಿಲ್ಲರಿ ಸ್ನಾಯುಗಳು ದಾರ ಎಳೆದು ಕವಾಟ ಮುಚ್ಚುತ್ತವೆ ಅಂದುಕೊಳ್ಳುತ್ತೇವೆ. ನಾನೂ ಹಾಗೇ ಬರೆದುಕೊಂಡಿದ್ದೆ.

ಲ್ಯಾಬಿನಲ್ಲಿ ಕುರಿಯ ಹೃದಯ ನೋಡಿದ ಮೇಲೆ ಆ ತಪ್ಪು ತಿಳಿಯಿತು. ಎಡ ಹೃತ್ಕರ್ಣವನ್ನು ಕತ್ತರಿಸಿ ತೆಗೆದೆವು. ಕೆಳಗಿನ ಕೋಣೆಗೆ ನೀರು ತುಂಬಿ, ಮಹಾಪಧಮನಿಯನ್ನು ಬೆರಳಲ್ಲಿ ಒತ್ತಿ ಹಿಡಿದು, ಹೃದಯವನ್ನು ಮೆಲ್ಲಗೆ ಹಿಂಡಿದೆವು. ಎರಡು ತೆಳು ದಳಗಳು ತೇಲುತ್ತಾ ಮೇಲೆ ಬಂದು ಅಂಚಿಗೆ ಅಂಚು ಕೂಡಿಕೊಂಡವು. ಸತ್ತ ಹೃದಯ ಅದು, ಯಾವ ಸ್ನಾಯುವೂ ಎಳೆದಿರಲಿಲ್ಲ ಅಲ್ವಾ? ಮುಚ್ಚಿದ್ದು ಬರೀ ಒತ್ತಡ. ಆಮೇಲೆ ಕೆಲವು ದಾರ ಕತ್ತರಿಸಿ ಮತ್ತೆ ಹಿಂಡಿದೆವು. ದಳದ ಅಂಚು ಮೇಲಕ್ಕೆ ಮಗುಚಿಕೊಂಡಿತು, ಆ ಸಂದಿಯಿಂದ ನೀರು ಚಿಮ್ಮಿತು.

ದಾರ ಇರುವುದು ಈ ಮಗುಚುವುದನ್ನು ತಡೆಯಲಿಕ್ಕೆ. ಹೃತ್ಕುಕ್ಷಿ ಸಂಕುಚಿಸಿದಾಗ ಒಳಗಿನ ಒತ್ತಡ ಸುಮಾರು 120 ಮಿ.ಮೀ. ಪಾದರಸಕ್ಕೆ ಏರುತ್ತದೆ. ಮೇಲಿನ ಕೋಣೆಯಲ್ಲಿ ಇರುವುದು ಸುಮಾರು 10 ಮಾತ್ರ. ಅಷ್ಟು ವ್ಯತ್ಯಾಸವನ್ನು ಆ ತೆಳು ದಳಗಳು ತಡೆದುಕೊಳ್ಳಬೇಕು.

ಹಾಗಾದರೆ ಸ್ನಾಯು ಯಾಕೆ ಬೇಕು, ಸುಮ್ನೆ ದಾರ ಸಾಲದೇ? ಸಾಲದು. ಸಂಕುಚಿಸುವಾಗ ಹೃತ್ಕುಕ್ಷಿ ಚಿಕ್ಕದಾಗುತ್ತದೆ, ಅದರ ಗೋಡೆ ಕವಾಟದ ಹತ್ತಿರ ಬರುತ್ತದೆ. ದಾರದ ಉದ್ದ ಅಷ್ಟೇ ಇರುವುದರಿಂದ ಅದು ಸಡಿಲವಾಗಬೇಕಿತ್ತು. ಅದೇ ಹೊತ್ತಿಗೆ ಪ್ಯಾಪಿಲ್ಲರಿ ಸ್ನಾಯುವೂ ಕುಗ್ಗಿ, ದಾರವನ್ನು ಬಿಗಿಯಾಗಿ ಇಡುತ್ತದೆ. ನನಗೆ ಈ ಕವಾಟದಲ್ಲಿ ಎಲ್ಲಕ್ಕಿಂತ ಇಷ್ಟವಾದ ಸಂಗತಿ ಇದು.

ರಚನೆಯ ಬಗ್ಗೆ ಇಷ್ಟು ನೆನಪಿರಲಿ. ಮುಂದಿನ ದಳ ಎತ್ತರ. ಹಿಂದಿನದು ಗಿಡ್ಡ, ಆದರೆ ಕವಾಟದ ಬುಡದ ಉಂಗುರದ ಸುಮಾರು ಮೂರನೇ ಎರಡು ಭಾಗ ಸುತ್ತಿಕೊಂಡಿರುತ್ತದೆ. ಪ್ಯಾಪಿಲ್ಲರಿ ಸ್ನಾಯುಗಳೂ ಎರಡು, ಮುಂದಿನದೊಂದು, ಹಿಂದಿನದೊಂದು. ಒಂದು ಸ್ನಾಯುವಿಗೆ ಒಂದು ದಳ ಅಂತ ಚಿತ್ರ ಬರೆಯಬೇಡಿ. ಪ್ರತಿ ಸ್ನಾಯುವಿನಿಂದಲೂ ಎರಡೂ ದಳಗಳಿಗೆ ದಾರ ಹೋಗುತ್ತದೆ.

ಮುಂದಿನ ಸ್ನಾಯುವಿಗೆ ಸಾಮಾನ್ಯವಾಗಿ ಎರಡು ರಕ್ತನಾಳಗಳಿಂದ ರಕ್ತ ಸಿಗುತ್ತದೆ. ಹಿಂದಿನದಕ್ಕೆ ಸಾಮಾನ್ಯವಾಗಿ ಒಂದೇ. ಹಾಗಾಗಿ ಹೃದಯಾಘಾತದಲ್ಲಿ ಹರಿದು ತುಂಡಾಗುವುದು ಜಾಸ್ತಿ ಹಿಂದಿನ ಸ್ನಾಯುವೇ. ಅದು ಹರಿದರೆ ಆಸರೆ ತಪ್ಪುವುದು ಎರಡೂ ದಳಗಳಿಗೆ. ಪ್ರತಿ ಬಡಿತಕ್ಕೂ ರಕ್ತ ಹೃತ್ಕರ್ಣಕ್ಕೆ ವಾಪಸ್ ನುಗ್ಗುತ್ತದೆ, ಶ್ವಾಸಕೋಶದಲ್ಲಿ ನೀರು ತುಂಬಿ ರೋಗಿ ಏದುಸಿರು ಬಿಡತೊಡಗುತ್ತಾರೆ.